ಮೂವತ್ತೊಂದನೆಯ ನಿಯಮ

"ನಮ್ಮ ಮನೆಯವರು ಸುಳ್ಳು ಹೇಳುವ ಜನ ಅಲ್ಲಮ್ಮ. ಅದೊಂದನ್ನು ನೀವು ತೋರಿಸಿಕೊಟ್ಟರೆ ಸಾಕು. ಮತ್ತೆ ನಾನು ಯಾರ ಹತ್ತಿರವೂ ಎಂತದ್ದೂ ಕೇಳುವುದಿಲ್ಲ."

ಬರ್ಲಿಂಗ್ಟನ್ನಿನಿಂದ ಸ್ಟೌಫ್‌ವಿಲ್‌ವರೆಗೆ ಹಿಮದಲ್ಲಿ ಕಾರು ನಡೆಸಿಕೊಂಡು ಬಂದಿದ್ದ ಶರ್ಮಿಳಾ, ಕೋಟನ್ನೂ ಬಿಚ್ಚದೆ ನೀಲಾಂಬಿಕಾ ಅವರ ಮುಂದೆ ಕುಳಿತು ಈ ಮಾತು ಹೇಳಿದಳು. ಆಕೆಯ ಗಂಡ ಚೆನ್ನಯ ತೀರಿಕೊಂಡು ಆಗ ಇನ್ನೂ ಒಂದು ತಿಂಗಳಾಗಿರಲಿಲ್ಲ.

ನೀಲಾಂಬಿಕಾ ಧಾರವಾಡದವರು. ಮೂವತ್ತು ವರ್ಷ ಕಂಪನಿಗಳ ದಾಖಲೆ ವ್ಯವಸ್ಥೆಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. ಈ ಪರದೇಶದ ನಮ್ಮ ಕನ್ನಡ ಬಳಗದಲ್ಲಿ ಯಾವ ವಿಷಯ ಗಂಟು ಬಿದ್ದರೂ ಕೊನೆಗೆ ಅವರ ಅಡುಗೆಮನೆಯ ಮೇಜಿಗೇ ಬರುತ್ತಿತ್ತು. ಪಕ್ಕದ ಮನೆಯ ನಾನು, ರೇವಣಸಿದ್ದಪ್ಪ, ಶಾಲಾ ಮಾಸ್ತರನಾಗಿದ್ದವನು. ಅವರ ತನಿಖೆಗಳಿಗೆ ಜೊತೆಗಾರ, ಲಿಪಿಕಾರ.

ಚೆನ್ನಯ ಬರ್ಲಿಂಗ್ಟನ್ನಿನ ಶೀತಲ ಗೋದಾಮೊಂದರಲ್ಲಿ ಕೆಲಸಕ್ಕಿದ್ದ. ಫೆಬ್ರವರಿ ಐದರ ಮಧ್ಯಾಹ್ನ, ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಕೋಣೆಯೊಳಗೆ ಅವನು ಸಿಕ್ಕಿಕೊಂಡ. ಬಾಗಿಲಿನ ಒಳಗಿನ ಹಿಡಿಕೆ ಕಳಚಿ ಕೈಗೆ ಬಂದಿತ್ತು. ಎರಡು ಗಂಟೆಯ ಬಳಿಕ ಬಾಗಿಲು ತೆರೆದವರಿಗೆ ಕಂಡದ್ದು ಶವ.

"ಹಿಡಿಕೆ ಸಡಿಲಾಗಿದೆ ಅಂತ ಸೇಫ್ಟಿಗೆ ಮೂರು ಸಲ ಮೇಲ್ ಹಾಕಿದ್ದೇನೆ ಅಂತ ಅವರೇ ನನಗೆ ಹೇಳಿದ್ದು. ಕಂಪನಿಯವರು ಒಂದೂ ಬಂದಿಲ್ಲ ಅಂತಾರೆ. ಗೊತ್ತಿದ್ದರೆ ಒಳಗೆ ಯಾಕೆ ಹೋದ, ಅಂತ ನನ್ನನ್ನೇ ಕೇಳಿದ್ರು ಮಾರಾಯ್ರೆ." ಎಂದಳು ಶರ್ಮಿಳಾ.

ಕಂಪನಿಯ ವಾದ ಸರಳವಾಗಿತ್ತು. ಸುರಕ್ಷತಾ ವಿಭಾಗದ ಇಮೇಲ್ ಪೆಟ್ಟಿಗೆಗೆ ಬಂದ ಯಾವ ಪತ್ರವನ್ನೂ ಏಳು ವರ್ಷ ಯಾರೂ ಅಳಿಸುವಂತಿಲ್ಲ. ಹಾಗೆಂದು ಕಂಪ್ಯೂಟರಿನಲ್ಲೇ ನಿಯಮ ಬರೆದು ಬೀಗ ಹಾಕಲಾಗಿದೆ. ಆ ನಿಯಮ ಜಾರಿಯಲ್ಲಿದೆ. ಆದ್ದರಿಂದ, ಇಲ್ಲದ ಪತ್ರವೆಂದರೆ ಬರೆಯದ ಪತ್ರವೇ. ಸಾಕ್ಷಿಯಾಗಿ ಕಂಪ್ಯೂಟರ್ ಪರದೆಯ ಚಿತ್ರವನ್ನು ಶರ್ಮಿಳಾಳ ವಕೀಲೆ ರಾಜೇಶ್ವರಿಯವರಿಗೆ ಕಳಿಸಿದ್ದರು.

ನೀಲಾಂಬಿಕಾ ಆ ಚಿತ್ರವನ್ನು ಬದಿಗಿಟ್ಟರು. "ಇದು ಬರೇ ಫೋಟೋ ಐತ್ರಿ. ಗ್ವಾಡಿ ಬಣ್ಣ ನೋಡಿ ಅಡಿಪಾಯ ಗಟ್ಟಿ ಅಂದಂಗಾತು. ನನಗ ಫೈಲ್ ಬೇಕು."

ರಾಜೇಶ್ವರಿಯವರ ಪತ್ರಕ್ಕೆ ಮಣಿದು ಕಂಪನಿ ಒಂದು ದಿನದ ತಪಾಸಣೆಗೆ ಒಪ್ಪಿತು. ಗೋದಾಮಿನ ಮ್ಯಾನೇಜರ್ ಅಭಿನಂದನ್ ನಮ್ಮನ್ನು ಬಾಗಿಲಲ್ಲೇ ಎದುರುಗೊಂಡ. ಬೆಳಗಾವಿಯವನು, ಪರಿಚಯದ ಕನ್ನಡಿಗರನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವನು, ಚೆನ್ನಯನಿಗೆ ನಾವು ನಡೆಸಿದ ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಮಾತಾಡಿದವನು. ಸುರಕ್ಷತೆಯ ಪತ್ರಗಳನ್ನು ಓದುವುದು ಅವನದೇ ಜವಾಬ್ದಾರಿಯಾಗಿತ್ತು.

"ಏನ್ ಬೇಕೋ ನೋಡ್ರಿ ಅಕ್ಕಾರ. ಶರ್ಮಿಳಾ ವೈನಿಗೆ ಸಮಾಧಾನ ಆದ್ರ ಸಾಕು," ಎಂದ. ಶರ್ಮಿಳಾಳನ್ನು ಅವನು ಅತ್ತಿಗೆ ಎಂದೇ ಕರೆಯುತ್ತಿದ್ದ.

ಆ ನಿಯಮಗಳನ್ನು ಬದಲಿಸುವ ಅಧಿಕಾರ ಮೂವರಿಗಿತ್ತು: ಅಭಿನಂದನ್, ದಾಖಲೆ ವಿಭಾಗದ ಮಾಧುರಿ, ಕಂಪ್ಯೂಟರ್ ನೋಡಿಕೊಳ್ಳುವ ತನ್ಮಯ್. ಆದರೆ ಮೂವರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್! ಯಾರು ಏನು ಮಾಡಿದರೂ ದಾಖಲೆಯಲ್ಲಿ 'ಅಡ್ಮಿನ್' ಎಂದಷ್ಟೇ ಮೂಡುತ್ತಿತ್ತು. ಕೇಳಿ ನನಗೆ ಸಿಟ್ಟು ಬಂತು. ಮೂವರಿಗೆ ಒಂದೇ ಕೀಲಿಕೈ ಕೊಟ್ಟ ಮನೆಯಲ್ಲಿ ಕಳ್ಳನಿಗೆ ಮುಖವಿರುವುದಿಲ್ಲ.

"ತನ್ಮಯ್, ಕಮಾಂಡ್ ಲೈನಿನಿಂದ ಎಲ್ಲಾ ನಿಯಮ ಎಕ್ಸ್‌ಪೋರ್ಟ್ ಮಾಡಪ್ಪ," ಎಂದು ನೀಲಾಂಬಿಕಾ ನಿಯಮಗಳನ್ನೆಲ್ಲ ಒಂದು ಫೈಲಾಗಿ ಹೊರತೆಗೆಯಲು ಹೇಳಿದರು.

"ಶ್ಯೂರ್ ಆಂಟಿ. ಟ್ರಬಲ್‌ಶೂಟಿಂಗ್ ಇದ್ದಾಗ ಅದನ್ನೇ ಮಾಡೋದು. ಸ್ಕ್ರೀನಲ್ಲಿ ಆನ್, ಆಫ್ ಅಷ್ಟೇ ಕಾಣ್ತದೆ. ಫೈಲಲ್ಲಿ ಎಲ್ಲಾ ಬರ್ತದೆ."

ಕಪ್ಪು ಪರದೆಯ ಮೇಲೆ ಅವನು ಒಂದು ಸಾಲು ಬರೆದ. ಕ್ಷಣದಲ್ಲಿ ಮೂವತ್ತೊಂದು ನಿಯಮಗಳು, ಪ್ರತಿಯೊಂದನ್ನು ಬರೆದ ದಿನಾಂಕ, ಗಳಿಗೆಗಳ ಸಮೇತ ಹೊರಬಂದವು. ನೀಲಾಂಬಿಕಾ ಬೆರಳಿಟ್ಟು ಓದಿದರು. ಕೊನೆಯ ನಿಯಮದಲ್ಲಿದ್ದ ಹೆಸರಿನ ಬಳಿ ಬೆರಳು ನಿಂತಿತು.

"ಈ ಪಾರ್ವತೆವ್ವ ಯಾರು?"

ಮಾಧುರಿ ಬಗ್ಗಿ ನೋಡಿದಳು. "ಅಯ್ಯೋ, ಇದು ಹೇಗೆ ಬಂತು ಮೇಡಂ? ಇಲ್ಲೇ ಗೋದಾಮಲ್ಲಿ ಕೆಲಸ ಮಾಡ್ತಾರೆ, ಅವರ ಕೈಗೆ ಪೆಟ್ಟಾಗಿತ್ತಲ್ಲ, ಆ ಎನ್‌ಕ್ವೈರಿ ಮುಗಿಯೋವರೆಗೂ ಅವರ ಮೇಲ್ ಯಾರೂ ಅಳಿಸದ ಹಾಗೆ ಹಾಕಿದ್ದ ರೂಲ್ ಇದು. ಡಿಸೆಂಬರ್ ಇಪ್ಪತ್ತಕ್ಕೆ ಮುಗೀತು. ನಾನೇ ತೆಗೆಸಿದೆ!"

"ಹಿಂದ ಯಾವಾಗರ ಈ ಫೈಲ್ ತಗದಿದ್ದಿರೇನು?" ಎಂದು ನೀಲಾಂಬಿಕಾ ತನ್ಮಯನನ್ನು ಕೇಳಿದರು.

"ಪ್ರತಿ ತಿಂಗಳ ಕೊನೆಗೆ ತೆಗಿತೇನೆ, ನನ್ನ ಡ್ರೈವಲ್ಲಿ ಇರ್ತದೆ. ನವೆಂಬರಲ್ಲಿ ಮಾತ್ರ ಸರ್ಚ್ ಸ್ಲೋ ಆಗಿ ಸಾಫ್ಟ್‌ವೇರ್ ಕಂಪನಿಗೆ ಕಳಿಸಬೇಕಾಯ್ತು. ಅಪ್ರೂವಲ್‌ಗೆ ಅಭಿನಂದನ್ ಸರ್‌ಗೂ ಒಂದು ಕಾಪಿ ಹಾಕಿದ್ದೆ."

ಹಿಂದಿರುಗುವ ದಾರಿಯುದ್ದಕ್ಕೂ ನೀಲಾಂಬಿಕಾ ನಿಯಮಗಳ ಮುದ್ರಿತ ಹಾಳೆಗಳನ್ನೇ ತಿರುವಿ ಓದುತ್ತಿದ್ದರು. ಮನೆ ಹತ್ತಿರವಾದಾಗ, "ಮಾಸ್ತರ, ಕಳ್ಳ ಹೊರಗಿನವ ಆಗಿದ್ರ ಚಲೋ ಇತ್ತು," ಎಂದಷ್ಟೇ ಹೇಳಿದರು.

ಮೂರು ದಿನಗಳ ನಂತರ ಶರ್ಮಿಳಾಳ ಮನೆಯಲ್ಲಿ ಎಲ್ಲರೂ ಸೇರಿದೆವು. ರಾಜೇಶ್ವರಿಯವರು ಕರೆಸಿದ್ದ ಗೋದಾಮಿನ ಆ ಮೂವರೂ ಬಂದಿದ್ದರು. ಬಾಗಿಲ ಬಳಿ ಚೆನ್ನಯನ ಬೂಟುಗಳು ಹಾಗೆಯೇ ಇದ್ದವು. ಅವುಗಳನ್ನು ದಾಟಿ ಬರುವಾಗ ಅಭಿನಂದನ್ ತಲೆ ತಗ್ಗಿಸಿದ್ದ.

ನೀಲಾಂಬಿಕಾ ಮುದ್ರಿಸಿದ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು.

"ಮೂವತ್ತೊಂದು ನಿಯಮಕ್ಕೂ ಒಂದ ದಿನ, ಒಂದ ಹೊತ್ತು ಐತಿ. ಫೆಬ್ರವರಿ ಏಳು, ಮುಂಜಾನೆ ಆರು ಗಂಟೆ ಹನ್ನೆರಡು ನಿಮಿಷ. ಚೆನ್ನಯ ತೀರಿದ ಎರಡು ದಿನಕ್ಕ. ವರ್ಷಗಟ್ಟಲೆ ಒಂದೊಂದಾಗಿ ಸೇರಿಸಿದ ನಿಯಮ ಒಂದ ನಿಮಿಷದಾಗ ಹೆಂಗ ಹುಟ್ಟತಾವ? ಪಾರ್ವತೆವ್ವಂದು ತಾತ್ಕಾಲಿಕ ನಿಯಮ, ಬಿಡಿಯಾಗಿ ತಗಿಯಾಕ ಬರತೈತಿ; ಬೀಗ ಹಾಕಿದ ನಿಯಮ ಹಂಗ ತಗಿಯಾಕ ಬರಂಗಿಲ್ಲ. ಅದಕ್ಕ ಇಡೀ ಕಂತೆನ ತಗದಾರ, ಪತ್ರ, ಚೆನ್ನಯನ ಕಡೆ ಇದ್ದ ಅದರ ಪ್ರತಿ ಎಲ್ಲಾ ಅಳಿಸ್ಯಾರ, ಆಮ್ಯಾಲೆ ಹಳೇ ಫೈಲಿನಿಂದ ಕಂತೆ ವಾಪಸ್ ಇಟ್ಟಾರ. ಪರದೆ ಮ್ಯಾಲೆ ನೋಡಿದವ್ರಿಗೆ ಎಲ್ಲಾ ಮೊದಲಿನಂಗ."

"ಯಾವ ಹಳೆಯ ಫೈಲು?" ಎಂದರು ರಾಜೇಶ್ವರಿ.

"ಪಾರ್ವತೆವ್ವನ ನಿಯಮ ಅದರಾಗಿತ್ತು. ಅಂದಮ್ಯಾಲೆ ಅದು ಡಿಸೆಂಬರ್ ಇಪ್ಪತ್ತಕ್ಕಿಂತ ಹಿಂದಿಂದು. ಮಾಧುರಿ ಆ ನಿಯಮ ತಗಿಸಿದಾಕಿ, ಆಕಿ ಕೈಯಾಗ ಫೈಲ್ ಇರಲೇ ಇಲ್ಲ. ತನ್ಮಯನ ಹತ್ತರ ಜನವರಿ ಕೊನೆಯ ಪ್ರತಿ ಇತ್ತು. ಹೊಸಾದು ಕೈಯಾಗಿದ್ದವ ಹಳೇದು ಯಾಕ ಹಾಕತಾನ? ಬರೇ ನವೆಂಬರದ್ದಷ್ಟ ಪ್ರತಿ ಇಟ್ಕೊಂಡವರು ಒಬ್ಬರ." ಅವರು ಕಣ್ಣೆತ್ತಿದರು. "ಹೌದಲ್ಲೋ, ಅಭಿನಂದನ್?"

ಅಭಿನಂದನ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ಬಾಗಿಲಾ ಬದಲ್ಸಾಕ ಎರಡು ದಿನ ರೂಮ್ ಬಂದ್ ಮಾಡಬೇಕಿತ್ರಿ. ಕ್ರಿಸ್‌ಮಸ್ ಲೋಡ್ ಹೋಗ್ಲಿ ಅಂದೆ. ಜನವರಿಯಾಗೂ ಮತ್ತ ಅದ ಮಾತು ಅಂದೆ. ಆಮ್ಯಾಲೆ… ನನಗೂ ಮಕ್ಕಳದಾವ ಅಂತ ಹೆದರಿದೆ."

ಅಲಕ್ಷ್ಯಕ್ಕೆ ಕ್ಷಮೆಯುಂಟೇನೋ, ನಾನು ಹೇಳಲಾರೆ. ಆದರೆ ತನ್ನ ಅಲಕ್ಷ್ಯವನ್ನು ಸತ್ತವನ ಹೆಸರಿಗೆ ಬರೆದು, ಅವನ ಶ್ರದ್ಧಾಂಜಲಿ ಸಭೆಯಲ್ಲಿ ಕಣ್ಣೊರೆಸಿಕೊಂಡವನನ್ನು ಕಂಡು ನನ್ನ ಮೈ ಉರಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ನೀಲಾಂಬಿಕಾ ನನ್ನ ತೋಳು ಮುಟ್ಟಿ ತಡೆದರು. ಆ ಮನೆಯಲ್ಲಿ ಮಾತಿನ ಹಕ್ಕು ಇನ್ನೊಬ್ಬರದಾಗಿತ್ತು.

"ಹಾಗಾದರೆ ಅವರು ಬರೆದದ್ದು ಹೌದು," ಎಂದಳು ಶರ್ಮಿಳಾ.

"ಹೌದು ವೈನಿ. ಮೂರು ಸಲ."

"ಆ ಪತ್ರಗಳು ವಾಪಸ್ ಸಿಗುವುದುಂಟಾ?" ಎಂದು ಆಕೆ ತನ್ಮಯನತ್ತ ತಿರುಗಿದಳು.

"ಸಾರಿ ಆಂಟಿ. ಪೂರ್ತಿ ಹೋಗಿದೆ. ಎಲ್ಲಾ ಕಡೆ ನೋಡಿದೆ," ಎಂದ ತನ್ಮಯನ ಕಣ್ಣು ತುಂಬಿತ್ತು.

ಶರ್ಮಿಳಾ ಎದ್ದು ಹೋಗಿ ಬಿಳಿ ಹಾಳೆಗಳನ್ನೂ ಪೆನ್ನನ್ನೂ ತಂದು ಅಭಿನಂದನನ ಮುಂದಿಟ್ಟಳು.

"ಅದನ್ನು ಓದಿದ ಜನ ಭೂಮಿ ಮೇಲೆ ನೀವೊಬ್ಬರೇ ಇರುವುದು. ನೆನಪಿದ್ದಷ್ಟು ಬರೆಯಿರಿ."

ಅವನು ಬಹಳ ಹೊತ್ತು ಬರೆದ. ಮೂರನೆಯ ಪತ್ರಕ್ಕೆ ಮಾತ್ರ ಅವನು ಯೋಚಿಸಬೇಕಾಗಲಿಲ್ಲ. ಅದರ ಪ್ರತಿಯೊಂದು ಪದವೂ ಅವನಿಗೆ ಬಾಯಿಪಾಠವಾದಂತಿತ್ತು. ಕೆಳಗೆ ಸಹಿ ಹಾಕಿ, ಹಾಳೆಯನ್ನು ಆಕೆಯತ್ತ ಸರಿಸಿದ.

ಇಂಗ್ಲಿಷಿನಲ್ಲಿದ್ದ ಆ ಸಾಲುಗಳನ್ನು ಶರ್ಮಿಳಾ ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿ, ಗಟ್ಟಿಯಾಗಿ ಓದಿದಳು:

"ಸರ್, ಹಿಡಿಕೆ ಇವತ್ತು ಪೂರ್ತಿ ಕಳಚಿತು. ಹೇಗೋ ಸಿಕ್ಕಿಸಿಟ್ಟಿದ್ದೇನೆ. ಹೊಸಬರನ್ನು ದಯವಿಟ್ಟು ಆ ಕೋಣೆಗೆ ಕಳಿಸಬೇಡಿ, ಅವರಿಗೆ ಅದನ್ನು ಹಿಡಿಯುವ ಕ್ರಮ ಗೊತ್ತಿಲ್ಲ. ಸರಿಮಾಡಿಸುವವರೆಗೆ ಒಳಗಿನ ಕೆಲಸ ನಾನೇ ಮಾಡುತ್ತೇನೆ."

ರಾಜೇಶ್ವರಿಯವರು ಸಾಕ್ಷ್ಯಕ್ಕೆಂದು ಚಾಚಿದ್ದ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡರು. ಶರ್ಮಿಳಾ ಹಾಳೆಯನ್ನು ಮತ್ತೆ ಮೊದಲ ಸಾಲಿನಿಂದ, ಈ ಬಾರಿ ದನಿಯಿಲ್ಲದೆ, ಓದತೊಡಗಿದ್ದಳು.