ರಸ್ತೆಗೆ ಮುಖ ಮಾಡಿ ನಿಂತ ಕಾರು

ಮೂರು ಗೂಡುಗಳೂ ಖಾಲಿಯಾಗಿದ್ದವು.

ಅಳಿವೆಯ ನಡುವಿನ ಮರಳು ದಿಬ್ಬದ ಮೇಲೆ ಪಕ್ಷಿಧಾಮದ ಕಾವಲುಗಾರ ಮಂಡಿಯೂರಿ ಕುಳಿತಿದ್ದ. ಬೆಳಗಿನ ಏಳು ಗಂಟೆ. ನಿನ್ನೆ ಸಂಜೆ ಇಲ್ಲಿ ಒಂಬತ್ತು ಮೊಟ್ಟೆಗಳಿದ್ದವು. ರೀವ ಎಂಬ ಈ ಜಾತಿಯ ನೀರುಹಕ್ಕಿಗಳು ಈ ತೀರದಲ್ಲಿ ಉಳಿದಿರುವುದೇ ಮೂರು ಜೋಡಿ. ಆ ಆರೂ ಹಕ್ಕಿಗಳು ಅವನ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಿದ್ದವು. ಅವನು ದೋಣಿಯಲ್ಲಿ ದಡಕ್ಕೆ ಬಂದವನೇ ಗೇಟಿಗೆ ಬೀಗ ಜಡಿದ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದ.

ಉದ್ದ ಕಾಲು, ಬಾಗಿದ ಕತ್ತು. ಬಂದು ಹೋಗುವವರೆಲ್ಲ ಅವನನ್ನು ಕೊಕ್ಕರೆ ತಾತ ಎನ್ನುತ್ತಿದ್ದರು. ಇವತ್ತು ಧಾಮದ ಅಧಿಕಾರಿ ಮಾತ್ರ ಅವನನ್ನು ಕಳ್ಳ ಎಂದರು.

* * *

"ದೋಣಿಯ ಬೀಗ ಒಡೆದಿಲ್ಲ. ಕೀಲಿ ಇರೋದು ಇವನೊಬ್ಬನ ಹತ್ರ," ಎಂದರು ಅಧಿಕಾರಿ. "ಬೇಲಿನೇ ಎದ್ದು ಹೊಲ ಮೇಯ್ದ್ರೆ ನಾನೇನ್ ಮಾಡ್ಲಿ ಮೇಡಂ? ಇವನನ್ನ ಕರ್ಕೊಂಡು ಹೋಗಿ. ಒಂಬತ್ತಕ್ಕೆ ಗೇಟ್ ತೆಗೆಸ್ತೀನಿ. ಬಂದವರನ್ನ ಕೂಡಿಹಾಕೋಕೆ ಇದು ಜೈಲಲ್ಲ."

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದಳು. ಎಂಟೂ ಐದು. ಅವಳಿಗೆ ಅವಸರದ ತೀರ್ಮಾನಗಳೆಂದರೆ ಆಗದು. ಅವಸರದಲ್ಲಿ ತೀರ್ಮಾನಿಸುವ ಅಧಿಕಾರಿಗಳೆಂದರೆ ಇನ್ನೂ ಆಗದು.

"ತಾತ, ನಿಮ್ಮ ಬೂಟು ಮೊಣಕಾಲವರೆಗೂ ಒದ್ದೆ ಯಾಕೆ?"

"ಆರಕ್ಕೆ ಗೇಟ್ ತೆಗೆದು ಆ ಕಡೆ ಕೊಲ್ಲಿಗೆ ಹೋಗಿದ್ದೆ. ದಿನಾ ಹಕ್ಕಿ ಎಣಿಸೋಕೆ ಹೋಗ್ತೀನಿ. ಅಲ್ಲಿಂದ ನೋಡಿದ್ರೆ ಇವು ಗಾಬರಿಯಾಗಿ ಹಾರ್ತಿದ್ವು." ಅವನು ದಿಬ್ಬದತ್ತ ಕೈ ತೋರಿಸಿದ. "ನನ್ನನ್ನ ಯಾವಾಗ ಬೇಕಾದ್ರೂ ಕರ್ಕೊಂಡು ಹೋಗಿ ತಾಯಿ. ಮೊದಲು ಮೊಟ್ಟೆ ಹುಡುಕಿ. ತಣ್ಣಗಾದ್ರೆ ಅವು ಬರೀ ಕಲ್ಲು."

ಕಳ್ಳನಾಗಿದ್ದರೆ ಮೊದಲು ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ. ಅವಳು ಮನಸ್ಸಿನಲ್ಲೇ ಅವನನ್ನು ಪಕ್ಕಕ್ಕಿಟ್ಟಳು. ಆದರೆ ಮನಸ್ಸಿನಲ್ಲಿಟ್ಟದ್ದು ಸಾಕ್ಷಿಯಾಗುವುದಿಲ್ಲ.

"ದೋಣಿ ಇಲ್ದೆ ದಿಬ್ಬಕ್ಕೆ ಹೋಗೋಕಾಗುತ್ತಾ?"

ತಾತ ತಡವರಿಸಿದ. "ಪೂರ್ತಿ ಇಳಿತ ಇದ್ದಾಗ ಆಗುತ್ತೆ. ಕೆಸರಿನ ಮಧ್ಯೆ ಗಟ್ಟಿ ನೆಲದ ಒಂದು ದಾರಿ ಇದೆ. ಒಂದು ಹೆಜ್ಜೆ ತಪ್ಪಿದ್ರೆ ಸೊಂಟದವರೆಗೂ ಹೂತು ಹೋಗ್ತಾರೆ."

"ಇವತ್ತು ಇಳಿತ ಎಷ್ಟು ಹೊತ್ತಿಗಿತ್ತು?"

"ಆರೂವರೆಗೆ."

"ಆ ದಾರಿ ಯಾರಿಗೆ ಗೊತ್ತು?"

"ನನಗೆ. ಇನ್ನೊಬ್ಬನಿಗೆ. ಎಂಟು ವರ್ಷದ ಹಿಂದೆ ಹಕ್ಕಿ ಸರ್ವೆಗೆ ಅಂತ ಬಂದು ಆರು ತಿಂಗಳು ನನ್ನ ರೂಮಲ್ಲೇ ಇದ್ದ. ನನ್ನ ಮಗನ ಹಾಗಿದ್ದ. ಆಮೇಲೆ ಈ ಕಡೆ ಬಂದೇ ಇಲ್ಲ."

* * *

ಒಳಗೆ ಸಿಕ್ಕಿಕೊಂಡಿದ್ದ ಕಾರುಗಳು ಮೂರು.

ಮೊದಲನೆಯದು ಒಂದು ಸಂಸಾರದ್ದು. ಗಂಡ, ಹೆಂಡತಿ, ಜಗಳವಾಡುವ ಅವಳಿ ಹೆಣ್ಣುಮಕ್ಕಳು. ಅವರು ಬಂದದ್ದೇ ಏಳಕ್ಕೆ.

ಎರಡನೆಯದು ನಿವೃತ್ತ ಟೀಚರೊಬ್ಬರದ್ದು. ವಾರಕ್ಕೆರಡು ಸಲ ಬರುವವರು. ಅವರ ಮಡಿಲಲ್ಲಿ ಮುಚ್ಚಳದ ಬುಟ್ಟಿ, ಅದರ ಮೇಲೆ ದಪ್ಪ ಟವೆಲ್. ಕಾನ್‌ಸ್ಟೇಬಲ್ ಕಣ್ಣರಳಿಸಿದ. ಇನ್‌ಸ್ಪೆಕ್ಟರ್ ಮುಚ್ಚಳ ತೆಗೆದಳು. ಉಣ್ಣೆಯ ಉಂಡೆಗಳು, ಒಂದು ಚಹಾದ ಫ್ಲಾಸ್ಕು.

"ಮೊಮ್ಮಗಳಿಗೆ ಸ್ವೆಟರ್," ಎಂದರು ಟೀಚರ್. "ಮೊಟ್ಟೆ ಬೇಕಿದ್ರೆ ಅಂಗಡೀಲಿ ತಗೋತೀನಮ್ಮ."

ಮೂರನೆಯದು ಬಿಳಿ ಬಾಡಿಗೆ ಕಾರು. ಅದನ್ನು ತಂದವನು ಗಡ್ಡ ಬಿಟ್ಟ, ತಂಪು ಕನ್ನಡಕದ ಫೋಟೋಗ್ರಾಫರ್.

"ಆರಕ್ಕೇ ಬಂದೆ. ಇಲ್ಲೇ ದಡದಲ್ಲಿ ಓಡಾಡ್ತಿದ್ದೆ. ಈ ಕಡೆ ಬಂದಿದ್ದು ಇದೇ ಮೊದಲು," ಎಂದ ಅವನು. "ಎಲ್ಲೂ ಇಷ್ಟು ಹೊತ್ತು ಕಾಯಿಸಿರಲಿಲ್ಲ."

ಕಾನ್‌ಸ್ಟೇಬಲ್ ಮೂರೂ ಕಾರುಗಳ ಡಿಕ್ಕಿ, ಸೀಟಿನಡಿ ಎಲ್ಲ ನೋಡಿ ಬಂದ. "ಏನೂ ಇಲ್ಲ ಮೇಡಂ. ಬಿಳಿ ಕಾರಲ್ಲಿ ಒಳಗೆಲ್ಲ ಧಗೆ, ಹಿಂದಿನ ಸೀಟಿನ ತುಂಬ ಲೆನ್ಸುಗಳು. ಮುಂದೆ ಕಾಲಿಡೋ ಜಾಗದಲ್ಲಿ ಕ್ಯಾಮೆರಾ ಚೀಲ. ಅದನ್ನ ತೆಗೀಬೇಡಿ, ಲೆನ್ಸಿಗೆ ಧೂಳು ಕೂರುತ್ತೆ ಅಂದ್ರು. ಬಿಟ್ಟೆ."

ಎಂಟೂ ನಲವತ್ತು. ಅಧಿಕಾರಿ ಗೇಟಿನ ಬಳಿ ಕೀಲಿ ಆಡಿಸುತ್ತ ನಿಂತಿದ್ದರು.

* * *

ಇನ್‌ಸ್ಪೆಕ್ಟರ್ ನಿಲುಗಡೆಯ ನಡುವೆ ನಿಂತು ಕಾರುಗಳನ್ನೇ ನೋಡಿದಳು. ಸಂಸಾರದ ಕಾರಿನ ಮೂತಿ ನೀರಿನ ಕಡೆಗಿತ್ತು, ಅವಳ ಜೀಪಿನದೂ ಹಾಗೇ. ಟೀಚರ್ ಕಾರಿನ ಮೂತಿ ಮಾತ್ರ ರಸ್ತೆಗಿತ್ತು. ಬಿಳಿ ಕಾರಿನದೂ ರಸ್ತೆಗೇ.

"ಟೀಚರ್, ನೀವ್ಯಾಕೆ ಹಿಮ್ಮುಖ ನಿಲ್ಲಿಸಿದ್ದೀರಿ?"

"ಅಮಾವಾಸ್ಯೆ ಹತ್ರ ಬಂದ್ರೆ ಉಬ್ಬರದ ನೀರು ಇಲ್ಲೀವರೆಗೂ ಬರುತ್ತಮ್ಮ. ಹೊರಡೋಕೆ ತಯಾರಾಗೇ ನಿಲ್ಲಿಸಿ ಅಂತ ತಾತ ಹೊಸಬರಿಗೆಲ್ಲ ಬಾಯಲ್ಲೇ ಹೇಳ್ತಾನೆ. ಬೋರ್ಡು ಬಿದ್ದು ಎರಡು ವರ್ಷ ಆಯ್ತು."

ಆದರೆ ತಾತ ಆರಕ್ಕೇ ಕೊಲ್ಲಿಗೆ ಹೋಗಿದ್ದ. ಇವತ್ತು ಯಾರಿಗೂ ಏನೂ ಹೇಳಿರಲಿಲ್ಲ.

ಹಿಮ್ಮುಖ ನಿಲ್ಲಿಸುವುದು ಅಪರಾಧವಲ್ಲ. ಎಷ್ಟೋ ಜನರಿಗೆ ಅದು ರೂಢಿ. ಅವಳು ಬಿಳಿ ಕಾರಿನ ಬಾನೆಟ್ ಮೇಲೆ ಕೈಯಿಟ್ಟಳು. ತಟ್ಟನೆ ಕೈ ಹಿಂದೆಗೆದಳು. ಆರು ಗಂಟೆಯಿಂದ ನೆರಳಿನಲ್ಲಿ ನಿಂತ ಕಾರು ಅದು.

ಹಿಂದಿನ ಗಾಜಿನ ಮೇಲೆ ಬಾಡಿಗೆ ಅಂಗಡಿಯ ನಂಬರ್ ಇತ್ತು. ಫೋನ್ ಮಾಡಿದಳು.

"ಬಿಳಿ ಕಾರಾ? ನಿನ್ನೆ ಕೊಟ್ಟೆ ಮೇಡಂ," ಎಂದಳು ಅಂಗಡಿಯ ಹುಡುಗಿ. "ಚೆನ್ನಾಗಿ ನೆನಪಿದೆ. ಎಲ್ಲರೂ ಎಸಿ ಸರಿ ಇದೆಯಾ ಅಂತಾರೆ. ಈ ಸೆಕೆಯಲ್ಲಿ ಹೀಟರ್ ಸರಿ ಇದೆಯಾ ಅಂತ ಕೇಳಿದವರು ಅವರೊಬ್ಬರೇ."

* * *

"ಬಾಗಿಲು ತೆಗೀರಿ," ಎಂದು ಫೋಟೋಗ್ರಾಫರನಿಗೆ ಹೇಳಿದಳು ಇನ್‌ಸ್ಪೆಕ್ಟರ್.

"ಆಗ್ಲೇ ನೋಡಾಯ್ತಲ್ಲ ಮೇಡಂ. ನಾನೇನು ಮೊಟ್ಟೆ ಬಚ್ಚಿಟ್ಕೊಂಡು ಕೂತಿದ್ದೀನಾ ಆ ಚೀಲದಲ್ಲಿ?"

"ಚೀಲದ ಮಾತು ನಾನಿನ್ನೂ ಎತ್ತಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕಾನ್‌ಸ್ಟೇಬಲ್ ಅವನ ಕೈಯಿಂದ ಕೀಲಿ ಕಿತ್ತುಕೊಂಡ. ಬಾಗಿಲು ತೆರೆದಾಗ ಒಲೆಯ ಮುಂದೆ ನಿಂತಷ್ಟು ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಚೀಲದೊಳಗೆ ಹತ್ತಿ, ಹತ್ತಿಯ ನಡುವೆ ಮಚ್ಚೆಮಚ್ಚೆಯ ಒಂಬತ್ತು ಮೊಟ್ಟೆಗಳು. ತಾತ ಒಂದನ್ನೆತ್ತಿ ಕೆನ್ನೆಗೊತ್ತಿಕೊಂಡ.

"ಬೆಚ್ಚಗಿದೆ," ಎಂದ. ಅಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟ.

ಅಧಿಕಾರಿ ಕೀಲಿ ಆಡಿಸುವುದನ್ನು ನಿಲ್ಲಿಸಿದರು. "ಇವನೇ ಅಂತ ಹೇಗೆ ಗೊತ್ತಾಯ್ತು?"

"ಇಂಥ ಅಪರೂಪದ ಮೊಟ್ಟೆ ಮಾರೋಕೆ ಅದು ಬದುಕಿರಬೇಕು, ಅದಕ್ಕೆ ಕಾವು ಬೇಕು. ಆಗಾಗ ಎಂಜಿನ್ ಹಾಕಿ ಹೀಟರ್ ಬಿಡ್ತಿದ್ದ, ಬಾನೆಟ್ ಸುಡ್ತಿತ್ತು. ಲೆನ್ಸಿಗೆ ಧೂಳು ಅಂದ, ಆದ್ರೆ ಲೆನ್ಸೆಲ್ಲ ಸೀಟಿನ ಮೇಲೆ ಬಿದ್ದಿದ್ವು. ಹಾಗಾದ್ರೆ ಚೀಲದಲ್ಲಿರೋದೇನು?" ಅವಳು ಬಿಳಿ ಕಾರಿನ ಮೂತಿಯತ್ತ ಕೈ ತೋರಿಸಿದಳು. "ಅದಕ್ಕಿಂತ ಮೊದಲು ಇದು. ಮೊದಲ ಸಲ ಬಂದೋನು, ಹೇಳೋರು ಯಾರೂ ಇಲ್ದಿದ್ರೂ ಇಲ್ಲಿ ಹೇಗೆ ನಿಲ್ಲಿಸಬೇಕೋ ಹಾಗೇ ನಿಲ್ಲಿಸಿದ್ದ. ಇಲ್ಲಿ ಇದ್ದು ಹೋದವನು ಅನ್ನಿಸ್ತು. ಕೆಸರಿನ ದಾರಿ ಗೊತ್ತಿದ್ದ ಎರಡನೆಯವನೂ ಇಲ್ಲಿ ಇದ್ದು ಹೋದವನೇ."

ಅವಳು ಅವನ ತಂಪು ಕನ್ನಡಕ ತೆಗೆದಳು. ತಾತನಿಗೆ ಮೈಲಿ ದೂರದ ಹಕ್ಕಿ ಕಾಣುತ್ತದೆ, ಎದುರಿನ ಮುಖ ಮಸುಕು. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ಬಹಳ ಹೊತ್ತು ನೋಡಿದ.

"ಹೆಂಗಪ್ಪ ಇದೀಯಾ?" ಎಂದ ಕೊನೆಗೆ.

ಗಡ್ಡದವನು ಕನ್ನಡಕಕ್ಕಾಗಿ ಕೈ ಚಾಚಿದ.

* * *

ತಾತ ಮೊಟ್ಟೆಗಳೊಂದಿಗೆ ದೋಣಿ ಹತ್ತಿದ. ಅರ್ಧ ಗಂಟೆಯ ಮೇಲೆ ಟೀಚರ್ ದೂರದರ್ಶಕದಿಂದ ಕಣ್ಣು ತೆಗೆಯದೆಯೇ ಹೇಳಿದರು. "ಒಂದು ಕೂತ್ಕೊಂಡ್ತು. ಎರಡನೇದೂ ಕೂತ್ಕೊಂಡ್ತು." ಮೂರನೆಯದಕ್ಕೆ ಎಲ್ಲರೂ ಉಸಿರು ಹಿಡಿದು ಕಾದರು. ಅಧಿಕಾರಿಯೂ ಕಾದರು. ಅದೂ ಕೂತಿತು.

ತಾತ ವಾಪಸ್ ಬರುವ ಹೊತ್ತಿಗೆ ನೀರು ನಿಲುಗಡೆಯ ಅಂಚಿಗೆ ಬಂದಿತ್ತು. ಸಂಸಾರದ ಯಜಮಾನ ಗಾಬರಿಯಿಂದ ಕಾರಿನತ್ತ ಓಡಿದ. ಜೀಪಿನ ಹಿಂದಿನ ಸೀಟಿನಲ್ಲಿ ಕೈಕೋಳ ತೊಟ್ಟವನು ಕುಳಿತಿದ್ದ. ತಾತ ಅವನ ಕಿಟಕಿಯ ಬಳಿ ಒಂದು ಗಳಿಗೆ ನಿಂತ. ನಂತರ ಇನ್‌ಸ್ಪೆಕ್ಟರ್ ಕಡೆ ತಿರುಗಿದ.

"ಮೊದಲ ದಿನ ಇವನೂ ನೀರಿಗೆ ಮೂತಿ ಮಾಡೇ ನಿಲ್ಲಿಸಿದ್ದ. ಬೈದು ತಿರುಗಿಸಿದ್ದು ನಾನೇ ತಾಯಿ. ನಾನು ಹೇಳಿದ್ದರಲ್ಲಿ ಅದೊಂದನ್ನ ಮರೆತಿಲ್ಲ."