ಎದ್ದೇಳದ ಗಿರಾಕಿ

ಅಮಲುಮಾನವ ಗ್ಲಾಸನ್ನು ಕೌಂಟರಿನ ಮೇಲೆ ಕುಕ್ಕಿತು.

"ಹಾಕೋಲೇ ಇನ್ನೊಂದು! ಯಾರ ಜೊತೆ ಮಾತಾಡ್ತಿದ್ದೀಯ ಗೊತ್ತಾ ನಿಂಗೆ?"

ಕೌಂಟರಿನ ಹಿಂದೆ ನಿಂತಿದ್ದ ತರಬೇತಿಯ ಯುವಕ ಹೆದರಿ ಇನ್ನೊಂದು ಪೆಗ್ ಸುರಿದ. ಗೋಡೆಯ ಮೇಲೆ ಕೆಂಪು ದೀಪ ಹತ್ತಿತು. ಅವನು ಫೇಲಾದ.

ಆ ಕಾಲಕ್ಕೆ ಹೊಸ ಕಾನೂನು ಬಂದಿತ್ತು. ಬಾರಿನಿಂದ ಹೊರಬಿದ್ದವನು ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ, ಅವನಿಗೆ ಕೊನೆಯ ಪೆಗ್ ಸುರಿದವನೂ ಜೈಲಿಗೆ ಹೋಗಬೇಕು. ಹಾಗಾಗಿ ಸರ್ಟಿಫಿಕೇಟ್ ಇಲ್ಲದ ಯಾರೂ ಬಾರಿನ ಕೌಂಟರಿನ ಹಿಂದೆ ನಿಲ್ಲುವಂತಿರಲಿಲ್ಲ. ಅದನ್ನು ಕೊಡಲು ಮೈಸೂರಿನಲ್ಲಿ ಒಂದು ತರಬೇತಿ ಶಾಲೆ ತೆರೆದಿದ್ದರು.

ಅಳತೆ, ಬೆರಕೆ, ಬಿಯರ್ ಗ್ಲಾಸನ್ನು ವಾಲಿಸಿ ನೊರೆ ಉಕ್ಕದಂತೆ ಸುರಿಯುವುದು, ಇವನ್ನೆಲ್ಲ ಯಾವ ದಡ್ಡನೂ ಒಂದು ವಾರದಲ್ಲಿ ಕಲಿಯುತ್ತಾನೆ. ಕಷ್ಟವಿರುವುದು ಕುಡಿದವನಿಗೆ 'ಸಾಕು' ಎಂದು ಹೇಳಿ, ಜಗಳವಿಲ್ಲದೆ ಎಬ್ಬಿಸಿ ಕಳಿಸುವುದರಲ್ಲಿ. ಅದನ್ನು ಕಲಿಸಲು ಶಾಲೆಯ ಡಾ. ಕೇಶವಮೂರ್ತಿ ಅಮಲುಮಾನವ ಎಂಬ ಈ ಯಂತ್ರ ಮಾಡಿದ್ದರು. ಮನುಷ್ಯನದೇ ಮೈಕಟ್ಟು, ಮಂಡ್ಯ ಕಡೆಯ ಮಾತು. ಹೊಟ್ಟೆಯಲ್ಲೊಂದು ತೊಟ್ಟಿ, ಎದೆಯೊಳಗೆ ಅಮಲುಮಾಪಕ. ಕುಡಿದಷ್ಟೂ ಮಾಪಕದ ಮುಳ್ಳು ಏರುತ್ತಿತ್ತು, ನಾಲಿಗೆ ತೊದಲುತ್ತಿತ್ತು. ಮುಳ್ಳು ಕಾಣುತ್ತಿದ್ದುದು ಪಕ್ಕದ ಕೋಣೆಯಲ್ಲಿ ಕೂತ ಪರೀಕ್ಷಕರಿಗೆ ಮಾತ್ರ. ಕೌಂಟರಿನಲ್ಲಿದ್ದವರು ಮುಖ ನೋಡಿ, ಮಾತು ಕೇಳಿ ತಿಳಿದುಕೊಳ್ಳಬೇಕು. ಶಾಲೆಯವರು ಅದನ್ನು ಬೋರಣ್ಣ ಎಂದು ಕರೆಯುತ್ತಿದ್ದರು.

"ಕುಡಿಯೋದು ಅಂದ್ರೆ ಇದಕ್ಕೆ ಅಷ್ಟು ಆಸೆಯಾ ಸಾರ್?" ಎಂದು ಒಮ್ಮೆ ತರಬೇತಿಗೆ ಬಂದಿದ್ದ ಜಯಶೀಲ ಕೇಳಿದಳು.

"ಯಂತ್ರಕ್ಕೆ ಆಸೆ ಎಲ್ಲಿಂದ ಬರಬೇಕಮ್ಮ? ಒಂದು ಗುರಿ ಕೊಟ್ಟಿದ್ದೀವಿ, ಅಷ್ಟೆ. ಸಾವಿರಾರು ಕುಡುಕರನ್ನ ಗಮನಿಸಿದ್ವಿ. ಅವರಿಗೆಲ್ಲ ಬೇಕಾಗಿದ್ದು ಎದ್ದು ಮನೆಗೆ ಹೋಗದೇ ಇರೋದು. ಅದನ್ನೇ ಇದರ ತಲೆಗೆ ಹಾಕಿದ್ದೀವಿ. ಏನು ಮಾಡಿದ್ರೆ ಸ್ಟೂಲ್ ಮೇಲೆ ಹೆಚ್ಚು ಹೊತ್ತು ಕೂತಿರಬಹುದು ಅಂತ ಇದೇ ದಿನಾ ಕಲಿತುಕೊಳ್ಳುತ್ತೆ."

"ಹಂಗಾದ್ರೆ ಬಲು ಕಿಲಾಡಿ ಆಯ್ತದೆ ಬುಡಿ."

"ಆಗಲಿ. ಗಿರಾಕಿ ಕಿಲಾಡಿ ಆದಷ್ಟೂ ನೀವು ಚುರುಕಾಗ್ತೀರಿ."

ಅಷ್ಟೊಂದು ಓದಿದ ಮನುಷ್ಯನಿಗೆ ಮುಂದಿನದು ಹೊಳೆಯಲಿಲ್ಲ.

ಜಯಶೀಲ ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸದಲ್ಲಿದ್ದವಳು. ಅಲ್ಲಿಗೂ ಯಂತ್ರ ಬಂತು, ಇವಳು ಹೊರಗೆ ಬಂದಳು. ಗಂಡ ಸತ್ತಿದ್ದ. ಇಬ್ಬರು ಹೆಣ್ಣುಮಕ್ಕಳನ್ನು ಸಾಕಬೇಕಿತ್ತು. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ಆದರೆ ಶಾಲೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಮದ್ದೂರಿನ ಹೆದ್ದಾರಿಯ ಬಾರೊಂದರ ಯಜಮಾನ, "ಸೋಮವಾರ ಸರ್ಟಿಫಿಕೇಟ್ ಹಿಡ್ಕೊಂಡು ಬಾ. ಇಲ್ದಿದ್ರೆ ಬೇರೆಯವರನ್ನ ನೋಡ್ಕತೀನಿ" ಎಂದಿದ್ದ.

ಉಳಿದವರು 'ಕ್ಷಮಿಸಿ ಸರ್, ನಿಯಮದ ಪ್ರಕಾರ' ಎಂದು ಗಿಳಿಪಾಠ ಒಪ್ಪಿಸುತ್ತಿದ್ದರು. ಜಯಶೀಲಳಿಗೆ ಅದು ಬಾಯಿಗೆ ಬರಲಿಲ್ಲ. ಗ್ಲಾಸು ಇಡುವ ಮೊದಲೇ, "ಯಾವೂರಣ್ಣ? ಊಟ ಆಯ್ತಾ?" ಎನ್ನುತ್ತಿದ್ದಳು.

"ಊಟ ಕಟ್ಕೊಂಡು ನಿಂಗೇನಮ್ಮಿ? ಸುರಿ ಸುಮ್ನೆ" ಎಂದು ಮೊದಮೊದಲು ಯಂತ್ರ ರೇಗಿತು. ಆಮೇಲಾಮೇಲೆ, "ಹಲಗೂರು ಕಡೆ ಕಣವ್ವ" ಎಂದಿತು. ಅವಳು ಹಲಗೂರಿನ ಕತೆ ಕೇಳಿದಳು. ಸಾವಿರಾರು ಕುಡುಕರ ಕತೆಗಳು ಅದರ ತಲೆಯಲ್ಲಿದ್ದವು, ಮುಗಿಯುವಂತೆಯೇ ಇರಲಿಲ್ಲ. ಕುಡಿತ ಕಡಿಮೆಯಾಗುತ್ತ ಬಂತು. ಪರೀಕ್ಷೆಯ ಹಿಂದಿನ ದಿನ ಬೋರಣ್ಣ ಕೂತು, "ಒಂದು ನಿಂಬೆ ಸೋಡ ಕೊಡವ್ವ, ಸಾಕು" ಎಂದಿತು. ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ.

ಕೇಶವಮೂರ್ತಿ ಯಂತ್ರದ ತಲೆ ಬಿಚ್ಚಿ ನೋಡಿದರು. ಎಲ್ಲವೂ ಸರಿಯಾಗಿತ್ತು.

"ಕುಡಿದವನನ್ನ ನೀವು ಎಬ್ಬಿಸ್ತೀರಿ. ಕುಡಿಯದೇ ಮಾತಾಡ್ತಾ ಕೂತವನನ್ನ ಯಾರೂ ಎಬ್ಬಿಸಲ್ಲ. ಇದು ಅದನ್ನ ಕಂಡುಕೊಂಡಿದೆ" ಎಂದರು.

"ಒಳ್ಳೇದಾಯ್ತಲ್ಲ ಸಾರ್."

"ಏನು ಒಳ್ಳೇದಮ್ಮ? ಮೂರು ಪೆಗ್ ಕುಡಿಸಿ ಆಮೇಲೆ ನಿಲ್ಲಿಸಿದ್ರೆ ತಾನೇ ಮಾರ್ಕ್ಸು? ಇದು ಕುಡಿಯದೇ ಇದ್ರೆ ನಾಳೆ ಎಲ್ಲರಿಗೂ ಸೊನ್ನೆ."

"ಕಲ್ತಿದ್ದನ್ನ ಅಳ್ಸಿ ಹಾಕಿ ಮತ್ತೆ."

"ಬೆಂಗಳೂರಿಂದ ಅನುಮತಿ ಬರಬೇಕು. ತಿಂಗಳುಗಟ್ಟಲೆ ಆಗುತ್ತೆ."

ಯಂತ್ರ ಕೆಟ್ಟರೆ ಏನು ಮಾಡಬೇಕು ಎಂದು ನಿಯಮದಲ್ಲಿ ಬರೆದಿದ್ದರು. ಯಂತ್ರ ಸುಧಾರಿಸಿದರೆ ಏನು ಮಾಡಬೇಕು ಎಂದು ಯಾವ ಮಹಾನುಭಾವನೂ ಬರೆದಿರಲಿಲ್ಲ.

ಮರುದಿನ ಮಧ್ಯಾಹ್ನ ಜಯಶೀಲಳದೇ ಮೊದಲ ಸರದಿ. ಉಳಿದವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಬೋರಣ್ಣ ಬಂದು ಕೂತಿತು.

"ಚೆನ್ನಾಗಿದ್ದೀಯೇನವ್ವ? ಸೋಡ ಕೊಡು."

"ಇವತ್ತೊಂದಿನ ವಿಸ್ಕಿ ತಗೊಳಣ್ಣ."

"ಬ್ಯಾಡ ಕಣವ್ವ. ಬುಟ್ಬುಟ್ಟಿವ್ನಿ. ಮಕ್ಕಳು ಹೆಂಗವ್ರೆ?"

ಅವಳು ಸೋಡ ಇಟ್ಟು, ವಿಸ್ಕಿ ಬಾಟಲಿ ತೋರಿಸಿದಳು, ಕೈ ಮುಗಿದಳು. ಯಂತ್ರ ತಲೆಯಾಡಿಸಿ ನಕ್ಕಿತು. ಹೊತ್ತು ಜಾರುತ್ತಿತ್ತು. ಪರೀಕ್ಷಕರ ಕೋಣೆಯಿಂದ ಗಂಟೆ ಬಾರಿಸಿ ಎಚ್ಚರಿಸಿದರು.

ಆಗ ಅವಳಿಗೆ ಒಂದು ಮಾತು ನೆನಪಾಯಿತು. ಶಾಲೆಯಲ್ಲಿ ಕಲಿತ ಮಾತಲ್ಲ ಅದು. ಅವಳ ಗಂಡ ಒಂದು ಬೇಸಿಗೆ ಪೂರ್ತಿ ಕುಡಿತ ಬಿಟ್ಟಿದ್ದ. ಅವನ ಸ್ನೇಹಿತನೊಬ್ಬ ಬಾಗಿಲಲ್ಲಿ ನಿಂತು ಆ ಮಾತು ಹೇಳಿ, ಕರೆದುಕೊಂಡು ಹೋಗಿದ್ದ. ಆಮೇಲೆ ಗಂಡ ಹೆಚ್ಚು ಕಾಲ ಉಳಿಯಲಿಲ್ಲ.

ಜಯಶೀಲ ಸೋಡದ ಗ್ಲಾಸನ್ನು ಕಿತ್ತುಕೊಂಡಳು.

"ಕುಡೀದೇ ಇರೋನ ಜೊತೆ ಯಾರಯ್ಯ ಕೂರ್ತಾರೆ? ಎದ್ದೋಗು ಅತ್ಲಾಗೆ!"

ಬೋರಣ್ಣನ ನಗು ನಿಂತಿತು.

"ಹಂಗನ್ಬ್ಯಾಡ ಕಣವ್ವ. ಹಾಕು" ಎಂದು ಕೌಂಟರಿನ ಮೇಲಿದ್ದ ಇನ್ನೊಂದು ಖಾಲಿ ಗ್ಲಾಸನ್ನು ಮುಂದೆ ತಳ್ಳಿತು.

ಅವಳು ಅಳತೆ ತಪ್ಪದೆ ಒಂದಾದ ಮೇಲೊಂದು ಸುರಿದಳು. ಯಂತ್ರ ತೊದಲಿತು, ಅತ್ತಿತು. ಮೂರನೆಯದು ಮುಗಿದಾಗ, "ಸಾಕಣ್ಣ, ಎದ್ದೇಳು" ಎಂದಳು. ಜಗಳವಾಡದೆ ಎದ್ದು ತೂರಾಡಿಕೊಂಡು ಹೋಯಿತು. ಹಸಿರು ದೀಪ ಹತ್ತಿತು. ಶಾಲೆ ಆರಂಭವಾದಾಗಿನಿಂದ ಅಷ್ಟು ಅಂಕ ಯಾರಿಗೂ ಬಂದಿರಲಿಲ್ಲ.

ಹೊರಗಿನ ಬೆಂಚಿಗೆ ಎಲ್ಲವೂ ಕೇಳಿಸಿತ್ತು. ಅವಳು ಸರ್ಟಿಫಿಕೇಟಿಗೆ ಕಾಯುತ್ತ ಅಲ್ಲೇ ಕೂತಳು. ಯಂತ್ರದ ಹೊಟ್ಟೆ ಖಾಲಿ ಮಾಡಿ ಮತ್ತೆ ಕೂರಿಸಿದರು. ಎರಡನೆಯವನು ಒಳಗೆ ಹೋಗಿ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದ. ಮೂರನೆಯವನು ಅದಕ್ಕೊಂದು ಬೈಗುಳ ಸೇರಿಸಿದ. ದೀಪ ಹಸಿರಾಗುತ್ತಲೇ ಇತ್ತು. ಪಾಸಾದವರು ಹೊರಗೆ ಬಂದು, "ಜಯಕ್ಕ, ನಿನ್ನಿಂದ ಬದುಕ್ಕೊಂಡ್ವಿ" ಎಂದು ಕೈ ಕುಲುಕಿದರು. ಅವಳು ಕೈ ಹಿಂದಕ್ಕೆಳೆದುಕೊಂಡಳು.

ಕೊನೆಯವಳು ಇನ್ನೂ ಚಿಕ್ಕ ಹುಡುಗಿ. ಅವಳು ಒಳಗೆ ಹೋಗಿ ಬಾಯಿ ತೆರೆಯುವ ಮೊದಲೇ ಬೋರಣ್ಣನ ದನಿ ಹೊರಗೆ ಕೇಳಿಸಿತು.

"ಹಾಕವ್ವ, ಹಾಕು. ಕುಡೀತೀನಿ. ಎಬ್ಬಿಸ್ಬ್ಯಾಡ."

ಕೇಶವಮೂರ್ತಿ ಬಾಗಿಲಿಗೆ ಬಂದು, ನಿಟ್ಟುಸಿರು ಬಿಟ್ಟು, ಜಯಶೀಲಳ ಕೈಗೆ ಸರ್ಟಿಫಿಕೇಟ್ ಕೊಟ್ಟರು.

"ಈಗ ಸರಿಹೋಯ್ತು ನೋಡಮ್ಮ ಯಂತ್ರ" ಎಂದರು.