ದೀಪ ಆರದ ಹಾಗೆ

ವಿನುತಾ ಶೇಟರ ಕೊರಳಲ್ಲಿ ಕಡಲೆಕಾಳಿನಷ್ಟು ದೊಡ್ಡ ಮಣಿಯೊಂದು ಮೆಲ್ಲಗೆ ಬೆಚ್ಚಗಾಯಿತು, ಆಮೇಲೆ ಇನ್ನೂ ಮೆಲ್ಲಗೆ ತಣ್ಣಗಾಯಿತು. ಬೆಚ್ಚಗಾಗುವಾಗ ಉಸಿರು ಒಳಗೆ, ತಣ್ಣಗಾಗುವಾಗ ಹೊರಗೆ. ಹುಬ್ಬಳ್ಳಿ–ಅಂಕೋಲಾ ರೈಲು ಮೊದಲ ಸುರಂಗಕ್ಕೆ ನುಗ್ಗಿತು. ಆಕೆ ಕಿಟಕಿಯ ಕಂಬಿ ಬಿಗಿಯಾಗಿ ಹಿಡಿದಿದ್ದರು, ಆದರೂ ಕೂತೇ ಇದ್ದರು.

ಅದು 2061. ಈ ರೈಲಿಗಾಗಿ ಮೂರು ತಲೆಮಾರು ಕಾದಿತ್ತು. ಕೊನೆಗೂ ಅದು ಬಂದಾಗ ಹತ್ತಲು ಹೆದರಿ ಮನೆಯಲ್ಲಿ ಕೂತ ಪುಣ್ಯಾತ್ಗಿತ್ತಿ ಇಡೀ ಹುಬ್ಬಳ್ಳಿಯಲ್ಲಿ ವಿನುತಾ ಒಬ್ಬರೇ ಇರಬೇಕು! ಆರು ವರ್ಷದ ಹಿಂದೆ ಬಸ್ಸಿನಲ್ಲಿ ಎದೆ ಬಿಗಿದು, ಬೆರಳು ಜುಮುಗುಟ್ಟಿ, ಸತ್ತೇ ಹೋದೆ ಅನ್ನಿಸಿತ್ತು ಅವರಿಗೆ. ಹೃದಯ ಗಟ್ಟಿಯಾಗಿದೆ, ಇದು ಪ್ಯಾನಿಕ್ ಅಟ್ಯಾಕ್ ಅಂದರು ಡಾಕ್ಟರು. ಅಂದಿನಿಂದ ಆಕೆ ಊರು ದಾಟಿರಲಿಲ್ಲ. ಈಗ ಅಂಕೋಲಾದಲ್ಲಿ ಮೊದಲ ಮೊಮ್ಮಗಳ ನಾಮಕರಣ. ಅಕ್ಕಸಾಲಿಗಿತ್ತಿ ಅಜ್ಜಿಗೆ ತಾನೇ ಮಾಡಿದ ಉಡಿದಾರವನ್ನು ತನ್ನ ಕೈಯಾರೆ ಕಟ್ಟುವ ಹಟ.

ಮಣಿ ಮಾಡಿದ ವಿಜ್ಞಾನಿ ಇಂಚರ ಹೊಸಮನಿ ಅದರ ಪರೀಕ್ಷೆಗೆಂದು ಜೊತೆಗೇ ಹೊರಟು, ಎದುರು ಸೀಟಿನಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಹೆದರಿದಾಗ ನಾವು ಬೇಗ ಬೇಗ ಉಸಿರಾಡುತ್ತೇವೆ, ರಕ್ತದಲ್ಲಿ ಇರಬೇಕಾದಷ್ಟು ಇಂಗಾಲದ ಡೈಆಕ್ಸೈಡ್ ಕೂಡ ಹೊರಗೆ ಹೋಗಿಬಿಡುತ್ತದೆ, ಆಗ ತಲೆ ತಿರುಗಿ ಗಾಳಿಯೇ ಸಾಲದು ಅನ್ನಿಸುತ್ತದೆ. ಸುತ್ತ ನಿಂತವರು ಜೋರಾಗಿ ಉಸಿರು ಎಳ್ಕೊ ಅಂದು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಾರೆ. ಮಣಿ ಚರ್ಮದ ಮೂಲಕವೇ ಆ ಅನಿಲವನ್ನು ಅಳೆದು ನಿಧಾನದ ಲಯ ಹಿಡಿಸುತ್ತದೆ. ಮೊದಲ ಸಲ ಕಟ್ಟಿಕೊಂಡಾಗ ವಿನುತಾ, ಇದು ನನ್ನ ಊದುಗೊಳವೆಯ ಉಸಿರೇ, ದೀಪದ ಉರಿಯನ್ನು ಚಿನ್ನದ ಮೇಲೆ ಊದಿ ಬೆಸುಗೆ ಹಾಕುವಾಗ ಗಡಬಡಿಸಿದರೆ ದೀಪ ಆರುತ್ತದೆ ಅಂದಿದ್ದರು. ಇಂಚರ ನಕ್ಕಿದ್ದಳು, ಅಷ್ಟೇ. ಬರೆದುಕೊಂಡಿರಲಿಲ್ಲ.

ಎಲ್ಲಕ್ಕಿಂತ ಉದ್ದದ ಸುರಂಗದಲ್ಲಿ ಧೊಪ್ಪನೆ ಪುಸ್ತಕ ಬಿತ್ತು. ವಿನುತಾ ತಿರುಗಿ ನೋಡಿದರೆ ಇಂಚರ ಎದೆ ಹಿಡಿದು ಏದುಸಿರು ಬಿಡುತ್ತಿದ್ದಾಳೆ. ಹಾರ್ಟ್ ಅಟ್ಯಾಕ್ ಅಂತ ತೊದಲುತ್ತಿದ್ದಾಳೆ. ಈ ತೊಂದರೆಯ ಮೇಲೆ ಎಂಬತ್ತು ಪುಟ ಬರೆದವಳಿಗೇ ಅದರ ಗುರುತು ಸಿಗಲಿಲ್ಲ, ನೋಡಿ! ಮಣಿ ಬಿಚ್ಚಿ ಕೊಡೋಣವೆಂದರೆ ಅದು ಹೊಸ ಮೈಗೆ ಹೊಂದಲು ಅರ್ಧ ದಿನ ಬೇಕು. ರೈಲಿನ ಡಾಕ್ಟರನ್ನು ಕರೆಯಿರೆಂದು ಪಕ್ಕದವರನ್ನು ಓಡಿಸಿ, ವಿನುತಾ ಕಂಬಿ ಬಿಟ್ಟು ಬಂದು ಅವಳ ಕೈ ಹಿಡಿದರು.

"ಎಳ್ಕೋಬ್ಯಾಡ, ಬಿಡು. ತುಟಿ ಮುಂದ ದೀಪ ಐತಿ ಅಂತ ತಿಳ್ಕೊ. ಉರಿ ಬಾಗಬೇಕು, ಆರಬಾರದು. ನಾ ಇಲ್ಲೇ ಅದೀನಿ."

ಹತ್ತು ಸಲ ಊದಿದರು, ಜೊತೆಗೇ. ಡಾಕ್ಟರು ಬಂದು ಹೃದಯ ಪರೀಕ್ಷಿಸಿ ಏನೂ ಆಗಿಲ್ಲ ಅನ್ನುವ ಹೊತ್ತಿಗೆ ಇಂಚರಳ ಉಸಿರು ನೆಟ್ಟಗಾಗಿತ್ತು.

"ನನಗ ಎಲ್ಲಾ ಗೊತ್ತಿತ್ತಲ್ರೀ," ಅಂದಳು, ಅಳು ನಗು ಎರಡೂ ಒಟ್ಟಿಗೆ ಬಂದು.

"ಗೊತ್ತಿತ್ತವ್ವ. ಆದ್ರ ಆ ಹೊತ್ನ್ಯಾಗ ಬಾಜೂಕ ಒಬ್ರು ಬೇಕು."

ಹೊರಗೆ ಬಿಸಿಲು. ಸುರಂಗ ಯಾವಾಗ ಮುಗಿಯಿತೋ ವಿನುತಾರಿಗೆ ತಿಳಿದಿರಲೇ ಇಲ್ಲ. ಅದು ಹೊಳೆದದ್ದೇ ತಡ, ಡಬ್ಬಿಯೊಳಗಿನ ಕರದಂಟನ್ನು ಇಡೀ ಬೋಗಿಗೆ ಹಂಚಿಬಿಟ್ಟರು.

ಮರುದಿನ ಅಜ್ಜಿ ತಮ್ಮ ಕೈಯಾರೆ ಉಡಿದಾರ ಕಟ್ಟಿದರು. ಮೊಮ್ಮಗಳು ಹಾಯಾಗಿ ಉಸಿರಾಡುತ್ತಾ ನಿದ್ದೆ ಹೋಗಿದ್ದಳು. ಇಂಚರ ಮೂಲೆಯಲ್ಲಿ ಕೂತು ವರದಿಯ ಕೊನೆಯ ಸಾಲು ಬರೆದಳು: "ಮಣಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಇಲ್ಲದಿದ್ದಾಗ ಪಕ್ಕದಲ್ಲಿ ಕೂತು ಜೊತೆಗೆ ಊದುವ ಒಬ್ಬರು ಸಾಕು. ಇದನ್ನು ನಾವು ಐವತ್ತು ವರ್ಷದ ಹಿಂದೆಯೇ ಮಾಡಬಹುದಿತ್ತು."